ಚಳಿ ಬೆಟ್ಟದಲ್ಲಿ ಇಲಿ ಸುಟ್ಟು ತಿಂದವರು

ಗುಡ್ಡದಹುಳ: ಇಥಿಯೋಪಿಯಾದ ಬಾಲೆ ಬೆಟ್ಟಗಳಲ್ಲಿ, 3,469 ಮೀಟರ್ ಎತ್ತರದ ಫಿಂಚಾ ಹಬೇರಾ ಅನ್ನೋ ಬಂಡೆ ಆಸರೆಯಲ್ಲಿ ಸುಮಾರು 47,000 ವರ್ಷದ ಹಿಂದೆಯೇ ಜನ ಇದ್ದರಂತೆ. ಅಷ್ಟು ಚಳಿಯಲ್ಲಿ ತಿನ್ನೋಕೆ ಏನಿತ್ತು ಮಾರಾಯ್ರೇ?

ಮಣ್ಣಂಗಟ್ಟಿ: ಇಲಿ! ಸುಮ್ನೆ ಹೇಳುತ್ತಿಲ್ಲ. ಬಿಲ ತೋಡುವ ದೊಡ್ಡ ಜಾತಿ, ಕೆಲವು ಕಿಲೋ ಹತ್ತಿರ ತೂಗುತ್ತವೆ. ಅಲ್ಲಿ ಸಿಕ್ಕ ಮೂಳೆಗಳಲ್ಲಿ ಅದರದ್ದೇ ಜಾಸ್ತಿ, ಎಷ್ಟೋ ಮೂಳೆಗಳ ಮೇಲೆ ಸುಟ್ಟ ಕಲೆ ಇದೆ. ಜಿಂಕೆ ಹಿಂದೆ ಓಡೋದಕ್ಕಿಂತ ಬಿಲದ ಬಾಯಲ್ಲಿ ಕಾಯೋದು ಸುಲಭ, ಅಲ್ವಾ?

ಕರಿಗಾಜು: ಬರೀ ಊಟಕ್ಕಲ್ಲ. ಆಯುಧಕ್ಕೆ ಬೇಕಾದ ಅಬ್ಸಿಡಿಯನ್, ಅಂದರೆ ಗಾಜಿನಂಥ ಕಪ್ಪು ಜ್ವಾಲಾಮುಖಿ ಕಲ್ಲು, 4,200 ಮೀಟರಿಗಿಂತ ಮೇಲೆ ಸಿಗುತ್ತಿತ್ತು. ಆಗ ಹಿಮಯುಗ, ಮೇಲೆ ಹಿಮನದಿ ಕರಗಿ ನೀರು ಬರುತ್ತಿತ್ತು.

ಗುಡ್ಡದಹುಳ: ಅಲ್ಲೇ ಮನೆ ಮಾಡಿಕೊಂಡಿದ್ದರಾ?

ಮಣ್ಣಂಗಟ್ಟಿ: 31,000 ವರ್ಷದ ಹಿಂದಿನವರೆಗೂ ಮತ್ತೆ ಮತ್ತೆ ಬಂದು ತಂಗಿದ ಗುರುತಿದೆ.