ಪಥ್ಯ, ನಡಿಗೆ ಎರಡೂ ಇದ್ದು ತೂಕ ಇಳಿಯುತ್ತಿಲ್ಲ: ಕಾರಣವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಎತ್ತರ 158 ಸೆಂ.ಮೀ., ತೂಕ 71 ಕೆ.ಜಿ. ಹೈಪೋಥೈರಾಯ್ಡ್‌ಗೆ (ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗುವ ತೊಂದರೆ) ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹೋದ ತಿಂಗಳ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಹಾರ್ಮೋನ್) 2.6 ಇತ್ತು. ಬೆಳಿಗ್ಗೆ ಎರಡು ಇಡ್ಲಿ ಅಥವಾ ಒಂದು ರಾಗಿ ರೊಟ್ಟಿ, ಚಟ್ನಿ. ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು, ಪಲ್ಯ, ಮಜ್ಜಿಗೆ. ರಾತ್ರಿ ಎರಡು ಚಪಾತಿ. ಅನ್ನ, ಕರಿದ ತಿಂಡಿ, ಬೇಕರಿ ಪದಾರ್ಥಗಳನ್ನು ಪೂರ್ತಿ ಬಿಟ್ಟಿದ್ದೇನೆ. ದಿನವೂ 45 ನಿಮಿಷ ಬಿರುಸಾಗಿ ನಡೆಯುತ್ತೇನೆ. ಮೊಬೈಲ್ ಆ್ಯಪ್‌ನ ಲೆಕ್ಕದಂತೆ ದಿನಕ್ಕೆ 1,300 ಕ್ಯಾಲೊರಿ ದಾಟುವುದಿಲ್ಲ, ಸ್ಮಾರ್ಟ್‌ವಾಚ್ ಒಂದು ನಡಿಗೆಗೆ 350 ಕ್ಯಾಲೊರಿ ತೋರಿಸುತ್ತದೆ. ಆದರೂ ಮೊದಲ ವಾರದಲ್ಲಿ ಒಂದು ಕಿಲೊ ಇಳಿದದ್ದು ಬಿಟ್ಟರೆ ಮೂರು ತಿಂಗಳಿಂದ ಮುಳ್ಳು ಅಲ್ಲಾಡಿಲ್ಲ. ಥೈರಾಯ್ಡ್ ಇದ್ದವರಿಗೆ ತೂಕ ಇಳಿಯುವುದೇ ಇಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ರಾತ್ರಿಯ ಊಟವನ್ನೂ ಬಿಡಬೇಕೇ?

ಉತ್ತರ

ನಮಸ್ಕಾರ ಮೇಡಂ. ದಯವಿಟ್ಟು ರಾತ್ರಿಯ ಊಟ ಬಿಡಬೇಡಿ. ಇರುವ ಊಟದ ಲೆಕ್ಕ ಸರಿಯಿದೆಯೇ ಎಂದು ತಿಳಿಯುವ ಮೊದಲೇ ಇನ್ನಷ್ಟು ಕಡಿಮೆ ಮಾಡಿದರೆ ಸುಸ್ತು ಹೆಚ್ಚುತ್ತದೆಯೇ ಹೊರತು ಕಾರಣ ಸಿಗುವುದಿಲ್ಲ.

ಮೊದಲು ಥೈರಾಯ್ಡ್ ವಿಷಯ. ಚಿಕಿತ್ಸೆ ಇಲ್ಲದ ಹೈಪೋಥೈರಾಯ್ಡ್‌ನಿಂದ ತೂಕ ಏರುವುದು ನಿಜ. ಆದರೆ ಸಾಮಾನ್ಯವಾಗಿ ಅದು ಎರಡರಿಂದ ನಾಲ್ಕು ಕಿಲೊದಷ್ಟು, ಅದರಲ್ಲಿಯೂ ಬಹುಪಾಲು ಉಪ್ಪು ಮತ್ತು ನೀರು. ನಿಮ್ಮ ಟಿಎಸ್‌ಎಚ್ ಮಿತಿಯೊಳಗೇ ಇರುವುದರಿಂದ ಮೂರು ತಿಂಗಳ ಈ ನಿಲುಗಡೆಗೆ ಅದನ್ನು ಹೊಣೆ ಮಾಡಲಾಗದು. ತೂಕ ಇಳಿಸಲೆಂದು ಮಾತ್ರೆಯ ಪ್ರಮಾಣವನ್ನು ನೀವಾಗಿ ಹೆಚ್ಚಿಸಿಕೊಳ್ಳಲೂ ಕೂಡದು. ಅದು ಹೃದಯಕ್ಕೂ ಮೂಳೆಗೂ ಅಪಾಯಕಾರಿ.

ಈಗ ನಿಮ್ಮದೇ ಅಂಕಿಗಳನ್ನು ನೋಡೋಣ. ನಿಮ್ಮ ವಯಸ್ಸು, ಎತ್ತರ, ತೂಕದವರಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 1,330 ಕ್ಯಾಲೊರಿ ಬೇಕಾಗುತ್ತದೆ. ಮನೆಗೆಲಸ, ಓಡಾಟ, ನಡಿಗೆ ಸೇರಿದರೆ ಅದು 1,850ರ ಆಸುಪಾಸಿಗೆ ಬರುತ್ತದೆ. ಒಳಗೆ ಹೋಗುತ್ತಿರುವುದು 1,300 ಮಾತ್ರವಾಗಿದ್ದರೆ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೊ ಇಳಿಯಬೇಕಿತ್ತು. ಇಳಿದಿಲ್ಲವೆಂದರೆ ಸುಮಾರು 500 ಕ್ಯಾಲೊರಿ ಲೆಕ್ಕಕ್ಕೆ ಸಿಗದೆ ಎಲ್ಲೋ ಉಳಿದುಕೊಂಡಿದೆ. ಇದನ್ನು ನಿಮ್ಮ ಪ್ರಾಮಾಣಿಕತೆಯ ಮೇಲಿನ ಸಂದೇಹವೆಂದು ಭಾವಿಸಬೇಡಿ. 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದ ಅಧ್ಯಯನವೊಂದು 1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಅವರ ದೇಹ ಶಕ್ತಿಯನ್ನು ಬಳಸುವ ಪ್ರಮಾಣ ನಿರೀಕ್ಷೆಯಷ್ಟೇ ಇತ್ತು. ಆದರೆ ಅವರು ಬರೆದಿಟ್ಟ ಆಹಾರ ನಿಜಕ್ಕಿಂತ ಸರಾಸರಿ 47% ಕಡಿಮೆ, ಬರೆದಿಟ್ಟ ದೈಹಿಕ ಚಟುವಟಿಕೆ 51% ಹೆಚ್ಚು ಇತ್ತು. ಅಂದಾಜಿನಿಂದ ಬರೆಯುವ ಯಾರಿಗಾದರೂ ಹೀಗಾಗಬಹುದು.

ನಮ್ಮ ಅಡುಗೆಮನೆಯಲ್ಲಿ ನಾನು ಮೊದಲು ಅನುಮಾನಿಸುವುದು ಎಣ್ಣೆಯನ್ನು. ಒಗ್ಗರಣೆಗೆ, ಪಲ್ಯಕ್ಕೆ, ಕಾವಲಿಗೆ, ಚಪಾತಿ ಹಿಟ್ಟಿಗೆ ಎಂದು ಅದು ನಾಲ್ಕು ಕಡೆ ಹರಿದು ಹೋಗುತ್ತದೆ, ತಟ್ಟೆಯಲ್ಲಿ ಮಾತ್ರ ಕಾಣಿಸುವುದಿಲ್ಲ. ಐದು ಮಿ.ಲೀ.ನ ಒಂದು ಚಿಕ್ಕ ಚಮಚಕ್ಕೇ 40 ಕ್ಯಾಲೊರಿ. ಚಮಚ ಎಣಿಸುವ ಬದಲು ಹೀಗೆ ಮಾಡಿ: ಬೆಳಿಗ್ಗೆ ಒಲೆ ಹಚ್ಚುವ ಮೊದಲು ಎಣ್ಣೆ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ, ರಾತ್ರಿ ಪಾತ್ರೆ ತೊಳೆದಾದ ಮೇಲೆ ಮತ್ತೆ ತೂಗಿ, ವ್ಯತ್ಯಾಸವನ್ನು ಉಣ್ಣುವವರ ಸಂಖ್ಯೆಯಿಂದ ಭಾಗಿಸಿ. ಒಂದು ವಾರ ಹೀಗೆ ಮಾಡಿದರೆ ನಿಮ್ಮ ಪಾಲು ಎಷ್ಟೆಂದು ನಿಚ್ಚಳವಾಗಿ ತಿಳಿಯುತ್ತದೆ.

ಮುದ್ದೆಯ ಬಗ್ಗೆಯೂ ಒಂದು ಮಾತು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ನಾರು, ಕ್ಯಾಲ್ಸಿಯಂ ದೃಷ್ಟಿಯಿಂದ ರಾಗಿ ಬಹಳ ಮೇಲು, ಆದರೆ ಶಕ್ತಿಯ ಲೆಕ್ಕದಲ್ಲಿ ಅನ್ನ ಬಿಟ್ಟು ಮುದ್ದೆ ಹಿಡಿದದ್ದರಿಂದ ಅಂಥ ಉಳಿತಾಯವೇನೂ ಆಗುವುದಿಲ್ಲ. ಆ್ಯಪ್‌ನಲ್ಲಿ ‘ಒಂದು ಮುದ್ದೆ’ ಎಂದು ಬರೆಯದೆ, ಒಣ ಹಿಟ್ಟನ್ನು ತೂಗಿ ಬರೆಯಿರಿ. ಚಟ್ನಿಯ ಕಾಯಿ, ಶೇಂಗಾ ಕೂಡ ಹಾಗೆಯೇ. ಅಂದಹಾಗೆ, ನಿಮ್ಮ ಪಟ್ಟಿಯಲ್ಲಿ ಕಾಫಿ, ಟೀ ಎಲ್ಲಿಯೂ ಕಾಣಲಿಲ್ಲ.

ವಾಚ್‌ನ 350ನ್ನು ಪಕ್ಕಕ್ಕಿಡಿ. ನಿಮ್ಮ ತೂಕಕ್ಕೆ 45 ನಿಮಿಷದ ನಡಿಗೆಯಲ್ಲಿ 190ರ ಸುತ್ತಮುತ್ತ ಖರ್ಚಾಗುತ್ತದೆ. ಕುಳಿತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದರೆ ಇನ್ನೂ ಕಡಿಮೆ. ಆ್ಯಪ್ ಈ ಅಂಕಿಯನ್ನು ಊಟದ ಮಿತಿಗೆ ಸೇರಿಸುತ್ತಿದ್ದರೆ ಆ ಸೌಲಭ್ಯವನ್ನು ನಿಲ್ಲಿಸಿ. ನಡಿಗೆಯನ್ನು ಮಾತ್ರ ನಿಲ್ಲಿಸಬೇಡಿ.

ಮುಟ್ಟು ಏರುಪೇರಾಗಿದ್ದರೆ, ಜೋರಾಗಿ ಗೊರಕೆ ಹೊಡೆದು ಹಗಲಿಡೀ ತೂಕಡಿಸುತ್ತಿದ್ದರೆ, ಅಥವಾ ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಆರೋಗ್ಯದ ಕೆಲವು ಔಷಧಿಗಳು ನಡೆಯುತ್ತಿದ್ದರೆ ಈ ಲೆಕ್ಕಾಚಾರಕ್ಕೆ ಕಾಯದೆ ವೈದ್ಯರನ್ನು ಕಾಣಿರಿ.

ಪ್ರಶ್ನೆ ಕೇಳಿದವರಿಂದ

ಸರ್, ಒಂದು ವಾರ ತೂಗಿ ನೋಡಿದೆವು. ಮೂವರಿಗೆ ದಿನಕ್ಕೆ ಸರಾಸರಿ 120 ಗ್ರಾಂ ಎಣ್ಣೆ ಖರ್ಚಾಗುತ್ತಿದೆ, ಆ್ಯಪ್‌ನಲ್ಲಿ ನನ್ನ ಪಾಲೆಂದು ಇದ್ದದ್ದು ಮೂರು ಚಿಕ್ಕ ಚಮಚ. ದಿನಕ್ಕೆ ಮೂರು ಲೋಟ ಕಾಫಿಯನ್ನೂ ನಮೂದಿಸುತ್ತಿದ್ದೆ, ಆದರೆ ಆ್ಯಪ್ ಅದನ್ನು ಹಾಲು, ಸಕ್ಕರೆ ಇಲ್ಲದ ಕಾಫಿಯೆಂದು ಹಿಡಿದು ಲೋಟಕ್ಕೆ 2 ಕ್ಯಾಲೊರಿ ತೋರಿಸುತ್ತಿತ್ತು. ಅಡುಗೆ ಮಾಡುವವರು ನಮ್ಮ ಅತ್ತೆಯವರು. ಅವರ ಕೈ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿಯುವ ಅಭ್ಯಾಸವೂ ಇದೆ, ಅದರಿಂದ ತೊಂದರೆಯೇ?

ಉತ್ತರ

ಮೇಡಂ, ಬಹುತೇಕ ಲೆಕ್ಕ ಇಲ್ಲಿಯೇ ಸಿಕ್ಕಿತು. ಎಣ್ಣೆಯಲ್ಲಿ ನಿಮ್ಮ ಪಾಲು 40 ಗ್ರಾಂ, ಅಂದರೆ 360 ಕ್ಯಾಲೊರಿ, ಬರೆದಿದ್ದು 120. 100 ಮಿ.ಲೀ. ಹಾಲು, ಎರಡು ಚಮಚ ಸಕ್ಕರೆಯ ಕಾಫಿಗೆ ಸುಮಾರು 100 ಎಂದು ಹಿಡಿದರೂ ಮೂರು ಲೋಟಕ್ಕೆ 300. ಎರಡೂ ಸೇರಿ 500ನ್ನು ದಾಟುತ್ತದೆ.

ಅತ್ತೆಯವರ ಕೈ ಹಿಡಿಯಬೇಕಿಲ್ಲ. ವಾರದ ಮೊದಲ ದಿನ ಮೂವರಿಗೂ ಸೇರಿ 525 ಗ್ರಾಂ ಎಣ್ಣೆಯನ್ನು ಬೇರೆ ಬಾಟಲಿಗೆ ಅಳೆದಿಟ್ಟು, ವಾರವಿಡೀ ಅದರಲ್ಲೇ ಅಡುಗೆಯಾಗಲಿ ಎಂದು ಕೇಳಿಕೊಳ್ಳಿ. ಯಾವ ಪಲ್ಯಕ್ಕೆ ಎಷ್ಟು ಎಂಬುದು ಅವರಿಗೇ ಬಿಟ್ಟದ್ದು. ಆಗ ತಲೆಗೆ ದಿನಕ್ಕೆ 25 ಗ್ರಾಂ ಬರುತ್ತದೆ. ಕಾಫಿ ಎರಡು ಲೋಟವಾಗಲಿ, ಸಕ್ಕರೆ ಅರ್ಧವಾಗಲಿ. ಇಷ್ಟರಿಂದ ದಿನಕ್ಕೆ ಸುಮಾರು 265 ಕ್ಯಾಲೊರಿ ತಗ್ಗಿ, ತಿಂಗಳಿಗೆ ಒಂದು ಕಿಲೊ ಇಳಿಯುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಈ ವೇಗ ನಿಧಾನವೆನಿಸಬಹುದು, ಆದರೆ ಊಟ ಬಿಟ್ಟು ಇಳಿಸಿದ್ದಕ್ಕಿಂತ ಇದನ್ನು ಉಳಿಸಿಕೊಳ್ಳುವುದು ಸುಲಭ.

ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಜೊತೆಗೇ ಕುಡಿದರೆ ಔಷಧಿ ಸರಿಯಾಗಿ ಹೀರಲ್ಪಡುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆಯ ಅಂತರವಿರಲಿ. ಈ ಬದಲಾವಣೆಯನ್ನು ನಿಮ್ಮ ವೈದ್ಯರಿಗೆ ತಿಳಿಸಿ, ಆರರಿಂದ ಎಂಟು ವಾರಗಳ ನಂತರ ಟಿಎಸ್‌ಎಚ್ ಮತ್ತೊಮ್ಮೆ ನೋಡಿಸಿ.

ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿದಿಡುವುದರಿಂದ ಒಂದೆರಡು ಕಿಲೊ ಹೆಚ್ಚು ಕಾಣುವುದುಂಟು. ಆದ್ದರಿಂದ ನಿನ್ನೆಯ ತೂಕಕ್ಕೆ ಇಂದಿನದನ್ನು ಹೋಲಿಸದೆ, ಮುಟ್ಟು ಮುಗಿದ ಮೂರನೆಯ ದಿನದ ತೂಕವನ್ನು ಮುಂದಿನ ತಿಂಗಳ ಅದೇ ದಿನದ್ದಕ್ಕೆ ಹೋಲಿಸಿ. ಅದರ ಜೊತೆಗೆ ಹೊಕ್ಕುಳಿನ ಮಟ್ಟದ ಸುತ್ತಳತೆಯನ್ನೂ ಟೇಪಿನಿಂದ ಅಳೆದು ಬರೆದಿಡಿ. ಎರಡು ತಿಂಗಳ ಅಂಕಿಗಳನ್ನು ಇಲ್ಲಿ ಹಾಕಿ, ಆಗ ಮುಂದಿನದನ್ನು ನೋಡೋಣ.