ತೋಡು ದಾಟಲಿಕ್ಕೆ ಥಾರ್‌ಗೆ ಸ್ನಾರ್ಕೆಲ್ ಹಾಕಿಸಬೇಕಾ?

ಅಡೂರಿನವ:
ಎಲ್ಲರಿಗೂ ನಮಸ್ಕಾರ. ಗಾಡಿ 2021ರ ಮಹೀಂದ್ರಾ ಥಾರ್, ಡೀಸೆಲ್, ಫೋರ್ ವೀಲ್ ಡ್ರೈವ್, ಕೆಎಲ್ 14 (ಕಾಸರಗೋಡು) ರಿಜಿಸ್ಟ್ರೇಶನ್. ಮನೆ ಅಡೂರಿನಿಂದ ಸ್ವಲ್ಪ ಒಳಗೆ. ಮನೆಗೂ ತೋಟಕ್ಕೂ ನಡುವೆ ಒಂದು ತೋಡು ಉಂಟು, ಪಯಸ್ವಿನಿಗೆ ಹೋಗಿ ಸೇರುವುದು. ಬೇಸಗೆಯಲ್ಲಿ ಚಪ್ಪಲಿ ಕೂಡ ಒದ್ದೆಯಾಗುವುದಿಲ್ಲ. ಜೂನ್ ಬಂತೆಂದರೆ ಕತೆಯೇ ಬೇರೆ. ಮಾಮೂಲಿ ಮಳೆಗೆ ಮೊಣಕಾಲಿನವರೆಗೆ ನೀರು, ಘಟ್ಟದ ಕಡೆ ಜೋರು ಹೊಡೆದರೆ ಸೊಂಟದವರೆಗೂ ಏರುತ್ತದೆ. ನಡೆದು ಹೋಗಲಿಕ್ಕೆ ಅಡಿಕೆ ಮರದ ಸಂಕ ಉಂಟು, ಆದರೆ ಕೊಳೆರೋಗಕ್ಕೆ ಮದ್ದು ಬಿಡುವುದು ಮಳೆಗಾಲದಲ್ಲೇ ಅಲ್ವಾ, ಆಗ ಮೈಲುತುತ್ತು, ಸುಣ್ಣದ ಚೀಲ, ಪಂಪು, ಪೈಪು ಎಲ್ಲ ಸಂಕದ ಮೇಲೆ ತಲೆಹೊರೆಯಲ್ಲಿ ಸಾಗಿಸಲು ಈಗ ಜನ ಸಿಗುವುದಿಲ್ಲ.

ಒಂದು ಆಕ್ಸೆಸರಿ ಅಂಗಡಿಯವರು ಸ್ನಾರ್ಕೆಲ್ (ಇಂಜಿನಿಗೆ ಮೇಲಿನಿಂದ ಗಾಳಿ ತರುವ ಕೊಳವೆ) ಹಾಕಿಸಿದರೆ ಬಾನೆಟ್ ಮುಳುಗಿದರೂ ಹೆದರಬೇಡಿ ಎನ್ನುತ್ತಾರೆ. ಫೆಂಡರ್ ಕೊರೆದು ಫಿಟ್ ಮಾಡಿಕೊಡುತ್ತಾರಂತೆ. ಗಾಡಿಗೆ ತೂತು ಮಾಡಿಸಲು ನನಗೆ ಮನಸ್ಸು ಒಪ್ಪುತ್ತಿಲ್ಲ. ನಿಜವಾಗಿ ಉಪಯೋಗ ಉಂಟಾ, ಅಥವಾ ಸುಮ್ನೆ ಶೋಕಿಯಾ?

ಉಪ್ಪಳ ಥಾರ್:
ಹಾಕಿಸಿ ಅಣ್ಣಾ. ಲುಕ್ಕೇ ಬೇರೆ ಬರುತ್ತದೆ. ನೀರು ಇರಲಿ ಬಿಡಲಿ.

ಗ್ರೀಸ್ ಕೈ:
ಮೇಲಿನವರ ಉತ್ತರ ಕನಿಷ್ಠ ಪ್ರಾಮಾಣಿಕ. ನೂರರಲ್ಲಿ ತೊಂಬತ್ತು ಜನ ಹಾಕಿಸುವುದು ಅದಕ್ಕೇ.

ಈಗ ವಿಷಯಕ್ಕೆ ಬರೋಣ. ಸ್ನಾರ್ಕೆಲ್ ಮಾಡುವುದು ಒಂದೇ ಕೆಲಸ, ಇಂಜಿನ್ ಉಸಿರು ಎಳೆಯುವ ಜಾಗವನ್ನು ಬಾನೆಟ್ ಒಳಗಿನಿಂದ ಮೇಲ್ಛಾವಣಿ ಎತ್ತರಕ್ಕೆ ಏರಿಸುವುದು. ಆ ಕೆಲಸ ಸಣ್ಣದಲ್ಲ. ಡೀಸೆಲ್ ಇಂಜಿನ್ ಗಾಳಿಯನ್ನು ಸುಮಾರು 16ರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಗಾಳಿ ಒತ್ತಿಸಿಕೊಳ್ಳುತ್ತದೆ, ನೀರು ಒತ್ತಿಸಿಕೊಳ್ಳುವುದಿಲ್ಲ. ಸಿಲಿಂಡರಿಗೆ ನೀರು ಹೋದರೆ ಪಿಸ್ಟನ್ ಮೇಲೆ ಬರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಬ್ಲಾಕ್ ಒಡೆದು ಹೊರಗೇ ಬರುತ್ತದೆ. ಅಲ್ಲಿಗೆ ಇಂಜಿನ್ ಮುಗಿಯಿತು.

ಆದರೆ ನಿಮ್ಮ ತೋಡಿನಲ್ಲಿ ನೀರು ಅಲ್ಲಿಯವರೆಗೆ ಏರುವ ಮೊದಲು ಬೇರೆ ಏನೇನು ಕೈಕೊಡುತ್ತದೆ ಎಂದು ನೋಡಿ. ಈ ಥಾರ್‌ಗೆ ಕಂಪನಿಯೇ ಹೇಳುವ ನೀರಿನ ಆಳದ ಮಿತಿ 650 ಮಿ.ಮೀ. ನಿಮ್ಮದು 18 ಇಂಚಿನ ಟೈರ್ ಆದರೆ ಅದರ ಎತ್ತರವೇ ಸುಮಾರು 790 ಮಿ.ಮೀ. ಅಂದರೆ ಟೈರಿನ ಐದು ಪಾಲಿನಲ್ಲಿ ನಾಲ್ಕು ಪಾಲು ಮುಳುಗುವವರೆಗೆ ಸ್ನಾರ್ಕೆಲ್ ಇಲ್ಲದೆಯೇ ಹೋಗಬಹುದು ಎಂದಾಯಿತು. ಮೊಣಕಾಲು ನೀರಿಗೆ ಇದು ಧಾರಾಳ.

ಇನ್ನು ಸ್ನಾರ್ಕೆಲ್ ಇದ್ದರೆ ಈ ಮಿತಿ ಎಷ್ಟು ಏರುತ್ತದೆ? ಫೋರ್ಸ್ ಗೂರ್ಖಾಕ್ಕೆ ಕಂಪನಿಯಿಂದಲೇ ಸ್ನಾರ್ಕೆಲ್ ಬರುತ್ತದೆ, ಅವರು ಹೇಳುವುದು 700 ಮಿ.ಮೀ. ಟೊಯೊಟಾ ಹೈಲಕ್ಸ್‌ಗೆ ಸ್ನಾರ್ಕೆಲ್ ಇಲ್ಲ, ಅದಕ್ಕೂ 700. ಲ್ಯಾಂಡ್ ರೋವರ್ ಡಿಫೆಂಡರ್‌ಗೂ ಇಲ್ಲ, ಅದು 900. ಹಾಗಾದರೆ ಈ ಲೆಕ್ಕವನ್ನು ಸ್ನಾರ್ಕೆಲ್ ಒಂದೇ ತೀರ್ಮಾನ ಮಾಡುವುದಿಲ್ಲ. ಆಲ್ಟರ್ನೇಟರ್, ವಯರಿಂಗ್ ಕನೆಕ್ಟರ್, ಬಾಗಿಲ ರಬ್ಬರ್, ಆಕ್ಸಲ್ ಬ್ರೀದರ್ ಎಲ್ಲ ಸೇರಿ ತೀರ್ಮಾನ ಮಾಡುತ್ತವೆ. ಬಾನೆಟ್ ಮುಳುಗಿದರೂ ಹೆದರಬೇಡಿ ಎಂದವರನ್ನು ಒಮ್ಮೆ ಅವರದೇ ಗಾಡಿಯಲ್ಲಿ ದಾಟಿ ತೋರಿಸಲು ಹೇಳಿ.

ಫಿಟ್ಟಿಂಗ್ ಇನ್ನೊಂದು ತಲೆನೋವು. ನಮ್ಮಲ್ಲಿ ಮಾರುವ ಸ್ನಾರ್ಕೆಲ್‌ಗಳಲ್ಲಿ ಕೆಲವು ಬರೀ ಪ್ಲಾಸ್ಟಿಕ್ ಕೊಳವೆ, ಒಳಗಿನ ಏರ್ ಫಿಲ್ಟರ್ ಬಾಕ್ಸಿಗೆ ಗಟ್ಟಿಯಾಗಿ ಸೇರುವುದೇ ಇಲ್ಲ. ಒಂದು ಕ್ಲಾಂಪ್ ಸಡಿಲ ಇದ್ದರೆ ಇಂಜಿನ್ ಅಲ್ಲಿಂದಲೇ ನೀರು ಎಳೆಯುತ್ತದೆ. ಫಿಲ್ಟರ್ ಬಾಕ್ಸಿನ ಅಡಿಯಲ್ಲಿ ನೀರು ಇಳಿಯಲು ತೂತೋ ರಬ್ಬರ್ ವಾಲ್ವೋ ಇರುತ್ತದೆ, ಅದನ್ನು ನೋಡದೆ ಬಿಟ್ಟರೆ ಮೇಲೆ ಎಷ್ಟು ಎತ್ತರದ ಕೊಳವೆ ಇದ್ದರೂ ದಂಡ. ಕೊರೆದ ಅಂಚಿಗೆ ಸರಿಯಾಗಿ ಪ್ರೈಮರ್ ಹೊಡೆಯದಿದ್ದರೆ ನಮ್ಮ ಮಳೆಗೂ ಉಪ್ಪುಗಾಳಿಗೂ ತುಕ್ಕು ಗ್ಯಾರಂಟಿ.

ನಾನಾದರೆ ಮೊದಲು ಬ್ರೀದರ್ ಪೈಪ್ ಮೇಲೆ ಮಾಡಿಸುತ್ತೇನೆ. ಖರ್ಚೂ ಕಡಿಮೆ.

ಕುಂಬಳೆ ಲೋಕಲ್:
ಗಾಡಿ ಕೆಎಲ್ ಅಂದಿರಿ, ಹಾಗಾಗಿ ಇದನ್ನೂ ಓದಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ರೂಪಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿ ಹೇಳಿತು, ಅದೂ ಕೇರಳದಿಂದಲೇ ಹೋದ ಕೇಸಿನಲ್ಲಿ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು, ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ. ಫೆಂಡರ್ ಕೊರೆದು ಹೊರಗಿನಿಂದ ಹಾಕಿದ ಸ್ನಾರ್ಕೆಲ್ ಹಿಡಿದರೆ ವಾದ ಮಾಡಲು ನಿಮಗೆ ಹೆಚ್ಚೇನೂ ಉಳಿಯುವುದಿಲ್ಲ. ಇಲ್ಲಿನ ಎಂವಿಡಿಯವರು (ಮೋಟಾರು ವಾಹನ ಇಲಾಖೆ) ಮಾಡಿಫಿಕೇಶನ್ ವಿಷಯದಲ್ಲಿ ಎಷ್ಟು ಬಿಗಿ ಎಂದು ನಿಮಗೇ ಗೊತ್ತು. ಆಚೆ ಹೋಗಿ ಪುತ್ತೂರಿನಲ್ಲೋ ಸುಳ್ಯದಲ್ಲೋ ಫಿಟ್ ಮಾಡಿಸಿದರೂ ಓಡಿಸುವುದು ಈಚೆ ತಾನೇ.

ಇನ್ನು ಇನ್ಶೂರೆನ್ಸ್. ಸಾಮಾನ್ಯ ಪಾಲಿಸಿಯಲ್ಲಿ ನೀರು ಎಳೆದು ಹೋದ ಇಂಜಿನಿಗೆ ದುಡ್ಡು ಬರುವುದು ಕಷ್ಟ. ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಕವರ್ ಉಂಟು, ರಿನ್ಯೂ ಮಾಡುವಾಗ ಸೇರಿಸಿಕೊಳ್ಳಿ. ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಆ ಕವರ್ ಇದ್ದರೂ ತಕರಾರು ತೆಗೆಯುತ್ತಾರೆ.

ಗುಡ್ಡದ ಗೂರ್ಖಾ:
ನಾನು ಸ್ವಲ್ಪ ವಿರುದ್ಧ ಹೇಳುತ್ತೇನೆ. ನನ್ನದು ಗೂರ್ಖಾ, ಕಂಪನಿಯಿಂದ ಬಂದ ಸ್ನಾರ್ಕೆಲ್, ಹಾಗಾಗಿ ಎಂವಿಡಿ ತಲೆಬಿಸಿ ಇಲ್ಲ. 700 ಅಂದರೆ 650ಕ್ಕಿಂತ ಬರೀ ಎರಡು ಇಂಚು ಜಾಸ್ತಿ, ಒಪ್ಪಿದೆ. ಆದರೆ ನೀರು ಎಲ್ಲ ಕಡೆ ಒಂದೇ ಮಟ್ಟ ಇರುವುದಿಲ್ಲ ಮಾರಾಯ್ರೆ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ಇಳಿಯುವಾಗ, ಅಡಿಯಲ್ಲಿ ಒಂದು ಹೊಂಡ ಸಿಕ್ಕಿದಾಗ, ಸ್ವಲ್ಪ ಸ್ಪೀಡ್ ಆಗಿ ಅಲೆ ಎದ್ದಾಗ ನೀರು ಹೆಡ್‌ಲೈಟ್ ದಾಟಿ ಬರುತ್ತದೆ. ಆ ಎರಡು ಮೂರು ಸೆಕೆಂಡಿಗೆ ಸ್ನಾರ್ಕೆಲ್ ಇರುವುದು. ಇನ್ನೊಂದು, ಬೇಸಗೆಯಲ್ಲಿ ಕಲ್ಲುಕೋರೆ ರಸ್ತೆಯ ಕೆಂಪು ಧೂಳಿನಲ್ಲಿ ಮುಂದಿನ ಗಾಡಿಯ ಹಿಂದೆ ಹೋಗುವಾಗ ಮೇಲಿನ ಗಾಳಿ ಸ್ವಲ್ಪ ಚೊಕ್ಕ, ಫಿಲ್ಟರ್ ಅಷ್ಟು ಬೇಗ ಕಟ್ಟುವುದಿಲ್ಲ. ಬೇಡವೇ ಬೇಡ ಎನ್ನುವಷ್ಟು ಕೆಟ್ಟದ್ದಲ್ಲ ಅದು. ಅಷ್ಟು ಹೇಳಿಯೂ ನಿಮ್ಮ ಜಾಗದಲ್ಲಿ ನಾನಿದ್ದರೆ ಥಾರ್ ಕೊರೆಯುತ್ತಿರಲಿಲ್ಲ.

ಅಡೂರಿನವ:
ಎಲ್ಲರಿಗೂ ಥ್ಯಾಂಕ್ಸ್. ಎಂವಿಡಿ ವಿಷಯ ಅಂಗಡಿಯವರು ಬಾಯೇ ಬಿಡಲಿಲ್ಲ. ಎರಡು ಪ್ರಶ್ನೆ. ಬ್ರೀದರ್ ಅಂದರೆ ಎಂತ, ಎಲ್ಲಿರುತ್ತದೆ? ಮತ್ತೆ ಸೊಂಟದವರೆಗೆ ನೀರಿದ್ದ ದಿನ ನಿಧಾನಕ್ಕೆ ಹೋದರೆ ಆಗುವುದಿಲ್ಲವಾ?

ಗ್ರೀಸ್ ಕೈ:
ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಆಗುವುದಿಲ್ಲ. ಸೊಂಟ ಅಂದರೆ ಮೂರು ಅಡಿ, 900 ಮಿ.ಮೀ. ಮೇಲೆ. ಅದೂ ನಿಂತ ನೀರಲ್ಲ, ಘಟ್ಟದಿಂದ ಇಳಿದು ಓಡುವ ನೀರು. ಓಡುವ ನೀರು ಒಂದು ಅಡಿ ಇದ್ದರೆ ಸಾಧಾರಣ ಕಾರು ಕೊಚ್ಚಿಕೊಂಡು ಹೋಗುತ್ತದೆ, ಎರಡು ಅಡಿ ಇದ್ದರೆ ಎಸ್‌ಯುವಿಯನ್ನೂ ಎತ್ತಿಕೊಂಡು ಹೋಗಬಹುದು. ನಿಮ್ಮ ಗಾಡಿ ಸುಮಾರು ನಾಲ್ಕು ಮೀಟರ್ ಉದ್ದ, 1.8 ಮೀಟರ್ ಅಗಲ. ಅಡಿ ಭಾಗ ಮುಟ್ಟಿದ ಮೇಲೆ ನೀರು 10 ಸೆಂ.ಮೀ. ಏರಿದರೆ ಲೆಕ್ಕಕ್ಕೆ 700 ಕೆ.ಜಿ. ಎತ್ತುತ್ತದೆ. ಒಳಗೆ ಸೋರುತ್ತದೆ, ಚಕ್ರದ ಜಾಗ ಖಾಲಿ ಇರುತ್ತದೆ, ಹಾಗೆ ಅರ್ಧ ಕಳೆದರೂ 350. ಇನ್ನೆರಡು ಸಲ ಅಷ್ಟಷ್ಟು ಏರಿದರೆ ಟೈರಿಗೆ ಹಿಡಿತ ಉಳಿಯುವುದಿಲ್ಲ, ಬದಿಯಿಂದ ನೂಕುವ ನೀರಿಗೆ ಗಾಡಿ ಕಾಗದದ ದೋಣಿ. ಫೋರ್ ವೀಲ್ ಡ್ರೈವ್ ಇದ್ದು ಏನು ಮಾಡುವುದು, ನಾಲ್ಕೂ ಚಕ್ರ ನೆಲಕ್ಕೆ ತಾಗದಿದ್ದರೆ? ಇದಕ್ಕೆ ಸ್ನಾರ್ಕೆಲ್ ಹಾಕಿ ಪ್ರಯೋಜನ ಇಲ್ಲ. ಇಂಜಿನ್ ಚಾಲೂ ಇಟ್ಟುಕೊಂಡೇ ಪಯಸ್ವಿನಿಗೆ ಹೋಗಬಹುದು, ಅಷ್ಟೇ.

ಬ್ರೀದರ್ ಅಂದರೆ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸಿನ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಬರುವ ಸಣ್ಣ ನಳಿಕೆ. ಓಡಿ ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಆಗ ಅದು ಹೊರಗಿನದನ್ನು ಎಳೆಯುತ್ತದೆ. ಬ್ರೀದರ್ ಬಾಯಿ ನೀರಿನಲ್ಲಿದ್ದರೆ ನೀರೇ ಒಳಗೆ. ಇಂಜಿನಿಗೆ ನೀರು ಹೋದಾಗಿನ ಹಾಗೆ ಗಾಡಿ ಅಲ್ಲೇ ನಿಲ್ಲುವುದಿಲ್ಲ, ಅದೇ ಮೋಸ. ನಿಧಾನಕ್ಕೆ ಬೇರಿಂಗು, ಹಲ್ಲು ಎಲ್ಲ ತಿಂದು ಹಾಕುತ್ತದೆ. ಗಾಡಿ ಲಿಫ್ಟಿಗೆ ಹಾಕಿಸಿ ಈಗಿನ ಬಾಯಿ ಎಷ್ಟು ಎತ್ತರದಲ್ಲಿದೆ ನೋಡಿ, ಕಡಿಮೆ ಎನಿಸಿದರೆ ಎಣ್ಣೆ ತಡೆಯುವ ರಬ್ಬರ್ ಹೋಸ್ ಹಾಕಿ ಬಾನೆಟ್ ಒಳಗೆ ಮೇಲಕ್ಕೆ ತರಿಸಿ, ತುದಿಗೆ ಸಣ್ಣ ಫಿಲ್ಟರ್. ಹೊರಗಿನಿಂದ ಏನೂ ಕಾಣುವುದಿಲ್ಲ. ವಾರಂಟಿ ಬಾಕಿ ಇದ್ದರೆ ಸರ್ವಿಸಿನವರ ಹತ್ತಿರ ಒಂದು ಮಾತು ಕೇಳಿ.

ಮೊಣಕಾಲು ನೀರಿನ ದಿನ ಮೊದಲು ಕೋಲು ಹಿಡಿದು ನೀವೇ ನಡೆದು ನೋಡಿ. ಕಾಲು ನಿಲ್ಲದಿದ್ದರೆ ಗಾಡಿಯೂ ಬೇಡ. ಫೋರ್ ಲೋ (ಫೋರ್ ವೀಲ್ ಡ್ರೈವಿನ ನಿಧಾನದ ಗೇರು), ಒಂದನೇ ಗೇರು, ನಡೆಯುವ ವೇಗ, ನಡುವಿನಲ್ಲಿ ಕ್ಲಚ್ ತುಳಿಯಬೇಡಿ. ಆಫ್ ಆದರೆ ಸೆಲ್ಫ್ ಮುಟ್ಟಲೇಬೇಡಿ, ಎಳೆಸಿ. ಆಚೆ ಹತ್ತಿದ ಮೇಲೆ ಬ್ರೇಕ್ ಮೆಲ್ಲ ಒತ್ತಿ ಒಣಗಿಸಿಕೊಳ್ಳಿ.

ಏತಡ್ಕದ ಕೃಷಿಕ:
ಗಾಡಿ ವಿಷಯ ನನಗೆ ಗೊತ್ತಿಲ್ಲ, ಅಡಿಕೆ ವಿಷಯ ಗೊತ್ತು. ಮೈಲುತುತ್ತು, ಸುಣ್ಣ, ಪಂಪು ಎಲ್ಲ ಮೇ ತಿಂಗಳಲ್ಲಿ ತೋಡು ಒಣಗಿರುವಾಗಲೇ ಆಚೆ ಸಾಗಿಸಿ, ತೋಟದಲ್ಲೇ ಒಂದು ಸಣ್ಣ ಶೆಡ್ಡು ಕಟ್ಟಿ. ಸುಣ್ಣಕ್ಕೆ ಮಾತ್ರ ತೇವ ತಾಗದ ಹಾಗೆ ಮುಚ್ಚಳದ ಡ್ರಮ್ಮು ಬೇಕು. ಮಳೆಗಾಲದಲ್ಲಿ ನೀವು ಸಂಕದಲ್ಲಿ ಕೈಬೀಸಿಕೊಂಡು ಹೋಗಿ ಬರಬಹುದು.

ಅಡೂರಿನವ:
ಇದು ನನಗೆ ಹೊಳೆಯಲೇ ಇಲ್ಲ. ಶೆಡ್ಡಿಗೆ ತಗಡು ಹಳೆಯದೇ ಉಂಟು. ಸ್ನಾರ್ಕೆಲ್ ಬೇಡ ಅಂತ ಅಂಗಡಿಗೆ ಹೇಳಿಬಿಟ್ಟೆ. ಬ್ರೀದರ್ ಕೆಲಸ ಮಾಡಿಸುತ್ತೇನೆ. @ಗ್ರೀಸ್ ಕೈ, ಹಿಂದಿನ ಆಕ್ಸಲ್ ಎಣ್ಣೆಗೆ ನೀರು ಸೇರಿದ್ದು ಗೊತ್ತಾಗುವುದು ಹೇಗೆ?

ಗ್ರೀಸ್ ಕೈ:
ಫಿಲ್ಲರ್ ಬೋಲ್ಟ್ ತೆಗೆದು ಬೆರಳು ಹಾಕಿ ನೋಡಿ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ, ಪೂರ್ತಿ ಇಳಿಸಿ ಹೊಸದು ತುಂಬಿಸಿ. ಮಳೆಗಾಲ ಮುಗಿದ ಕೂಡಲೇ ಒಮ್ಮೆ ನೋಡುವುದು ಒಳ್ಳೆಯದು, ದೀಪಾವಳಿವರೆಗೆ ಬಿಡಬೇಡಿ.