ಆಫೀಸ್ ಊಟದಲ್ಲಿ ಆರ್‌ಸಿಬಿ ಮ್ಯಾಚ್: ಕೂಗಿದ್ದಕ್ಕೆ ಮಾತು ಬಂತು, ಬುಧವಾರ ಹೋಗಲಾ ಬೇಡ್ವಾ?

ದಾವಣಗೆರೆ_ಎಂಡ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಮೊನ್ನೆ ಶನಿವಾರ, 2024ರ ಮೇ 18ಕ್ಕೆ, ನಮ್ಮ ಟೀಮ್ ಊಟ ಇತ್ತು. ಪ್ರಾಜೆಕ್ಟ್ ಮುಗಿದ ಖುಷಿಗೆ ಮ್ಯಾನೇಜರ್ ಇಂದಿರಾನಗರದ ಒಂದು ಹೋಟೆಲ್‌ನಲ್ಲಿ ಉದ್ದ ಟೇಬಲ್ ಬುಕ್ ಮಾಡಿದ್ದರು. ತಾರೀಖು ಗೊತ್ತಾದ ದಿನವೇ ಹೇಳಿದ್ದೆ, ಅವತ್ತು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ–ಚೆನ್ನೈ ಐಪಿಎಲ್ ಮ್ಯಾಚ್, ಬೇರೆ ದಿನ ಇಡೋಣ ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೋಟೆಲ್ ಗೋಡೆಯ ಮೇಲೆ ದೊಡ್ಡ ಟಿವಿ ಇತ್ತು, ಅಷ್ಟರ ಮಟ್ಟಿಗೆ ಬಚಾವ್.

ಆ ರಾತ್ರಿಯ ಲೆಕ್ಕ ನಿಮಗೆಲ್ಲ ಗೊತ್ತು. ಸತತ ಆರು ಮ್ಯಾಚ್ ಸೋತು ಪಟ್ಟಿಯ ತಳದಲ್ಲಿದ್ದ ಟೀಮ್, ಸತತ ಐದು ಗೆದ್ದು ಅಲ್ಲಿಗೆ ಬಂದಿತ್ತು. ಪ್ಲೇಆಫ್‌ಗೆ, ಅಂದರೆ ಮೊದಲ ನಾಲ್ಕು ಟೀಮ್‌ಗಳ ಕೊನೆಯ ಸುತ್ತಿಗೆ, ಹೋಗಲು ಗೆದ್ದರೆ ಸಾಲದು, ಕನಿಷ್ಠ 18 ರನ್‌ಗಳಿಂದ ಗೆಲ್ಲಬೇಕು. ಮಧ್ಯೆ ಮಳೆ ಬೇರೆ. ನಾವು 218 ಹೊಡೆದೆವು. ಕೊನೆಯ ಓವರ್‌ಗೆ ಬಂದಾಗ ಮ್ಯಾಚ್ ಸೋತರೂ ಪ್ಲೇಆಫ್ ಸೇರಲು ಚೆನ್ನೈಗೆ 17 ರನ್ ಬೇಕಿತ್ತು. ಬಾಲ್ ಯಶ್ ದಯಾಳ್ ಕೈಯಲ್ಲಿ. ಹಿಂದಿನ ವರ್ಷ ಗುಜರಾತ್ ಪರ ಆಡುವಾಗ ಕೊನೆಯ ಓವರ್‌ನಲ್ಲಿ ರಿಂಕು ಸಿಂಗ್ ಕೈಯಲ್ಲಿ ಐದು ಸಿಕ್ಸ್ ಹೊಡೆಸಿಕೊಂಡ ಅದೇ ಹುಡುಗ. ಮೊದಲ ಬಾಲ್‌ಗೇ ಧೋನಿ 110 ಮೀಟರ್ ಸಿಕ್ಸ್. ಬಾಲ್ ಸ್ಟೇಡಿಯಂ ಆಚೆ ಹೋಯಿತು. ಬದಲಿ ಬಾಲ್ ಬಂತು, ಒಣಗಿದ್ದು, ಕೈಗೆ ಹಿಡಿತ ಸಿಗುವಂಥದ್ದು. ಮುಂದಿನ ಎಸೆತಕ್ಕೆ ಧೋನಿ ಔಟ್. ಉಳಿದ ನಾಲ್ಕು ಬಾಲ್‌ಗೆ ಬಂದದ್ದು ಒಂದೇ ರನ್.

ನಾನು ಎದ್ದು ನಿಂತು ಕೂಗಿದೆ. ಕುರ್ಚಿ ಹಿಂದಕ್ಕೆ ಬಿತ್ತು. "ಆರ್‌ಸಿಬಿ! ಆರ್‌ಸಿಬಿ!" ಅಂತ ಗಂಟಲು ಕಟ್ಟುವವರೆಗೂ ಕೂಗಿದೆ, ಅಳು ಕೂಡ ಬಂತು. ಪಕ್ಕದ ಟೇಬಲ್‌ನವರು, ಬಡಿಸುವ ಹುಡುಗರು, ಎಲ್ಲರೂ ಸೇರಿಕೊಂಡರು. ನಮ್ಮ ಟೀಮ್‌ನ ಇಬ್ಬರು ಹುಡುಗರು ತಟ್ಟೆ ಹಾರುವ ಹಾಗೆ ಟೇಬಲ್ ಬಡಿಯುತ್ತಿದ್ದರು.

ಸೋಮವಾರ ಮ್ಯಾನೇಜರ್ ಕರೆದರು. "ಹೈದರಾಬಾದ್‌ನಿಂದ ಹಿರಿಯರು ಬಂದಿದ್ದರು. ಹೆಣ್ಣುಮಗಳು, ನೀನು ಸ್ವಲ್ಪ ನೋಡಿಕೊಂಡು ಇರಬೇಕಿತ್ತು" ಅಂದರು. ಟೇಬಲ್ ಬಡಿದ ಆ ಇಬ್ಬರಿಗೆ ಅದೇ ಬೆಳಿಗ್ಗೆ ಕಾಫಿ ಮಷಿನ್ ಹತ್ತಿರ "ಏನ್ ಎನರ್ಜಿ ಗುರೂ ನಿಮ್ದು!" ಅಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ನಾನು ನಿನ್ನೆ ಮೊನ್ನೆ ಹುಟ್ಟಿಕೊಂಡ ಫ್ಯಾನ್ ಅಲ್ಲ. ವಿನಯ್ ಕುಮಾರ್ ನಮ್ಮೂರಿನವರು. ಅವರ ನಾಯಕತ್ವದಲ್ಲಿ ಕರ್ನಾಟಕ 2013-14ರಲ್ಲಿ, 2014-15ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಟ್ರೋಫಿ ಗೆದ್ದಾಗ ನಾನು ಕಾಲೇಜಿನಲ್ಲಿದ್ದೆ. ಸ್ಕೋರ್‌ಕಾರ್ಡ್ ಕತ್ತರಿಸಿ ಅಂಟಿಸಿದ ನೋಟ್‌ಬುಕ್ ಈಗಲೂ ಮನೆಯಲ್ಲಿದೆ. ಈ ಮಾರ್ಚ್‌ನಲ್ಲಿ ಆರ್‌ಸಿಬಿಯ ನಮ್ಮ ಹೆಣ್ಣುಮಕ್ಕಳು ಮಹಿಳಾ ಲೀಗ್ ಫೈನಲ್‌ನಲ್ಲಿ ಡೆಲ್ಲಿಯನ್ನು 113ಕ್ಕೆ ಔಟ್ ಮಾಡಿ ಕಪ್ ಗೆದ್ದಾಗ, ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ತೆಗೆದಾಗ, ಮರುದಿನ ಇಡೀ ಫ್ಲೋರ್‌ಗೆ ಮೈಸೂರು ಪಾಕ್ ಹಂಚಿದ್ದೂ ನಾನೇ.

ಈಗ ಬುಧವಾರ ರಾಜಸ್ಥಾನದ ವಿರುದ್ಧ ಎಲಿಮಿನೇಟರ್, ಸೋತರೆ ಮನೆಗೆ. ಆಫೀಸ್ ಕ್ಯಾಂಟೀನ್‌ನಲ್ಲೇ ಪ್ರೊಜೆಕ್ಟರ್ ಹಾಕುತ್ತಾರಂತೆ. ಜುಲೈನಲ್ಲಿ ಪ್ರಮೋಷನ್ ಮಾತು ಇದೆ. ಹೋಗಲಾ? ಹೋದರೆ ಬಾಯಿ ಮುಚ್ಚಿಕೊಂಡು ಕೂರಬೇಕಾ? ಹಾಗೆ ಕೂತು ನೋಡುವುದು ನನ್ನ ಕೈಲಿ ಆಗಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪಿ_ಸ್ಟ್ಯಾಂಡ್_ಶೆಟ್ರು:

ಹೋಗಿ. ಕೂಗಿ. ಇದರಲ್ಲಿ ಕೇಳುವುದೇನಿದೆ?

2016ರ ಐಪಿಎಲ್ ಫೈನಲ್‌ಗೆ ನಾನು ಚಿನ್ನಸ್ವಾಮಿಯ ಒಳಗಿದ್ದೆ. 209 ಬೆನ್ನಟ್ಟುತ್ತಾ ವಿಕೆಟ್ ಬೀಳದೆ 114, ಗೇಲ್ ಮತ್ತು ಕೊಹ್ಲಿ. ಆಮೇಲೆ 8 ರನ್‌ನಿಂದ ಸೋಲು. ನನ್ನ ಪಕ್ಕ ಕೂತಿದ್ದವರು ಬ್ಯಾಂಕಿನ ದೊಡ್ಡ ಅಧಿಕಾರಿ, ಕೋಟು ಹಾಕಿಕೊಂಡೇ ಬಂದಿದ್ದರು. ಮಗುವಿನ ಹಾಗೆ ಅತ್ತರು. ಮರುದಿನ ಅವರ ಕೆಲಸ ಯಾರೂ ಕಿತ್ತುಕೊಂಡಿರಲ್ಲ. ಹುಡುಗರು ಕೂಗಿದರೆ ಎನರ್ಜಿ, ನೀವು ಕೂಗಿದರೆ ತಪ್ಪಾ? ಇದು ಅನ್ಯಾಯ.

ಎಚ್‌ಆರ್_ಅಕ್ಕ:

ಶೆಟ್ರ ಸಿಟ್ಟು ಸರಿ. ಆದರೆ ಅವರ ಸಲಹೆ ನಿಮ್ಮ ಜುಲೈಗೆ ಉಪಯೋಗಕ್ಕೆ ಬರಲ್ಲ. ನಾನು ಈ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು, ಇಂಥ ದೂರುಗಳನ್ನು ಜಾಸ್ತಿ ನೋಡಿದ್ದೇನೆ.

ನಿಮ್ಮ ಮ್ಯಾನೇಜರ್ ಒಂದೇ ವಾಕ್ಯದಲ್ಲಿ ಎರಡು ಮಾತು ಹೇಳಿದ್ದಾರೆ. "ಹಿರಿಯರು ಬಂದಿದ್ದರು" ಅನ್ನುವುದು ಎಲ್ಲರಿಗೂ ಅನ್ವಯಿಸುವ ಮಾತು, ಅದನ್ನು ಒಪ್ಪಬಹುದು, ವಾದವನ್ನೂ ಮಾಡಬಹುದು. "ಹೆಣ್ಣುಮಗಳು" ಅನ್ನುವುದು ಬರೀ ನಿಮಗೆ ಹೇಳಿದ್ದು. ಎರಡನ್ನೂ ಒಟ್ಟಿಗೆ ನುಂಗಬೇಡಿ. ಬುಧವಾರಕ್ಕೆ ಮುಂಚೆಯೇ ಹೋಗಿ ನೇರವಾಗಿ ಕೇಳಿ: "ಸರ್, ಕ್ಯಾಂಟೀನ್‌ನಲ್ಲಿ ಕೂಗಬಹುದಾ, ಇಲ್ವಾ? ನಿಯಮ ಏನೇ ಇರಲಿ, ಎಲ್ಲರಿಗೂ ಒಂದೇ ಇರಲಿ." ಅಷ್ಟೇ. ಜಗಳದ ದನಿ ಬೇಡ. ಅವರು ಹೇಳಿದ್ದನ್ನು ಎರಡು ಸಾಲಿನ ಮೇಲ್‌ನಲ್ಲಿ ಬರೆದು ಕಳಿಸಿ, "ಮಾತಾಡಿದ್ದಕ್ಕೆ ಥ್ಯಾಂಕ್ಸ್" ಅಂತ ಸೇರಿಸಿ. ಬರವಣಿಗೆಯಲ್ಲಿ ಇದ್ದ ಮಾತು ಜುಲೈನಲ್ಲಿ ಬಣ್ಣ ಬದಲಿಸಲ್ಲ.

ಹೋಗದೆ ಮಾತ್ರ ಇರಬೇಡಿ. ಒಂದು ಮಾತಿಗೆ ಹೆದರಿ ಮನೆಯಲ್ಲಿ ಕೂತುಬಿಟ್ಟ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಆಮೇಲೆ ಅವರನ್ನು ಯಾವ ಊಟಕ್ಕೂ ಕರೆಯುವುದಿಲ್ಲ. ಕೆಲಸ ಹಂಚುವ ಮಾತು ಅರ್ಧ ನಡೆಯುವುದೇ ಆ ಊಟದ ಟೇಬಲ್‌ಗಳಲ್ಲಿ.

ಮೈಲಾಪುರ್_ಟು_ಮಲ್ಲೇಶ್ವರ:

ನಾನು ಚೆನ್ನೈ ಕಡೆಯವನು. ಬೆಂಗಳೂರಿಗೆ ಬಂದು ಕನ್ನಡ ಕಲಿತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅದೇ ಶನಿವಾರ ನಾನೂ ಆಫೀಸ್‌ನವರ ಜೊತೆ ಒಬ್ಬರ ಮನೆಯಲ್ಲಿ ಮ್ಯಾಚ್ ನೋಡುತ್ತಿದ್ದೆ. ಹಳದಿ ಶರ್ಟ್ ಹಾಕಿದ್ದವನು ನಾನೊಬ್ಬನೇ. ಧೋನಿ ಔಟ್ ಆದಾಗ ಮನೆಯೇ ಹಾರಿಹೋಗುವ ಹಾಗೆ ಕೂಗಿದರು. ಅದು ನನಗೆ ನೋವಾಗಲಿಲ್ಲ, ನಿಜವಾಗಿ ಹೇಳುತ್ತೇನೆ. ನಾವು ಗೆದ್ದಿದ್ದರೆ ನಾನೂ ಅಷ್ಟೇ ಕೂಗುತ್ತಿದ್ದೆ. ನೋವಾಗಿದ್ದು ಬೇರೆಯದಕ್ಕೆ. ಒಬ್ಬರು ಫೋನ್ ತಂದು ನನ್ನ ಮುಖದ ಮುಂದೆ ಹಿಡಿದು ವಿಡಿಯೋ ಮಾಡಿದರು. "ಅಳು, ಅಳು" ಅಂದರು. ಅದು ಆಫೀಸ್ ಗ್ರೂಪ್‌ಗೆ ಹೋಯಿತು. ಧೋನಿಯ ಕೊನೆಯ ಮ್ಯಾಚ್ ಇದೇ ಇರಬಹುದು ಅಂತ ನಾನು ಒಳಗೇ ಕುಸಿದಿದ್ದೆ, ಅದನ್ನು ನಗುವ ಇಮೋಜಿ ಹಾಕಿ ಎಲ್ಲರೂ ನೋಡಿದರು.

ನಿಮ್ಮ ಟೇಬಲ್‌ನಲ್ಲಿ ಹಾಗೇನೂ ನಡೆದಂತೆ ಕಾಣಲ್ಲ. ನೀವು ಟಿವಿ ಕಡೆ ನೋಡಿ ಕೂಗಿದ್ದೀರಿ. ಬುಧವಾರವೂ ಕೂಗಿ. ಆದರೆ ಕ್ಯಾಂಟೀನ್‌ನಲ್ಲಿ ರಾಜಸ್ಥಾನದವರು ಒಬ್ಬರೋ ಇಬ್ಬರೋ ಇರುತ್ತಾರೆ, ಅವರ ಮುಖಕ್ಕೆ ಯಾರೂ ಫೋನ್ ಹಿಡಿಯದ ಹಾಗೆ ನೋಡಿಕೊಳ್ಳಿ. ನಿಮ್ಮಂಥ ಫ್ಯಾನ್ ಹೇಳಿದರೆ ಉಳಿದವರು ಕೇಳುತ್ತಾರೆ. ನನ್ನಂಥವನು ಹೇಳಿದರೆ "ಸೋತವನ ಸಂಕಟ" ಅನ್ನುತ್ತಾರೆ.

ಸಿಲ್ಲಿ_ಪಾಯಿಂಟ್_ಗೊತ್ತಿಲ್ಲ:

ಕ್ರಿಕೆಟ್ ನೋಡದವಳ ಕಡೆಯಿಂದಲೂ ಒಂದು ಮಾತು. ಇಂಥ ಪಾರ್ಟಿಗಳಲ್ಲಿ ನಮಗೆ ಕಷ್ಟ ಆಗುವುದು ಗದ್ದಲದಿಂದ ಅಲ್ಲ. ಎಲ್ಲರೂ ಯಾಕೆ ಉಸಿರು ಬಿಗಿಹಿಡಿದಿದ್ದಾರೆ ಅಂತ ಗೊತ್ತಾಗದೆ ಮೂರು ಗಂಟೆ ಪೆಚ್ಚಾಗಿ ಕೂರುವುದು ಕಷ್ಟ. ಅವತ್ತು ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ ಟಿಶ್ಯೂ ಪೇಪರ್ ಮೇಲೆ ಪೆನ್ನಿನಲ್ಲಿ "201" ಅಂತ ಬರೆದು ಸುತ್ತ ಗೆರೆ ಎಳೆದರು. "ಗೆಲ್ಲದಿದ್ದರೂ ಇದು ಮುಟ್ಟಿದರೆ ಅವರು ಮುಂದಕ್ಕೆ, ಮುಟ್ಟದಿದ್ದರೆ ನಾವು" ಅಂದರು. ಪ್ರತಿ ಬಾಲ್‌ಗೂ ಪಕ್ಕದಲ್ಲಿ ಲೆಕ್ಕ ಬರೆಯುತ್ತಾ ಹೋದರು. ಕೊನೆಯ ಓವರ್‌ಗೆ ನಾನೇ ಅವರ ಕೈಯಿಂದ ಪೆನ್ ಕಿತ್ತುಕೊಂಡು ಬರೆಯುತ್ತಿದ್ದೆ! ನಿಮ್ಮ ಹೈದರಾಬಾದ್ ಹಿರಿಯರಿಗೆ ಯಾರಾದರೂ ಆ ಲೆಕ್ಕ ಹೇಳಿದ್ದರಾ?

ದಾವಣಗೆರೆ_ಎಂಡ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿಯ ಕಥೆ ಹೇಳಿಬಿಡುತ್ತೇನೆ.

ಮಂಗಳವಾರ ಮ್ಯಾನೇಜರ್ ಹತ್ತಿರ ಹೋಗಿ ಅಕ್ಕ ಹೇಳಿಕೊಟ್ಟ ಹಾಗೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಕ್ಯಾಂಟೀನ್‌ನಲ್ಲಿ ಯಾರು ಬೇಕಾದರೂ ಕೂಗಬಹುದು, ಟೇಬಲ್ ಬಡಿಯುವುದು ಬೇಡ" ಅಂದರು. ಮೇಲ್ ಕಳಿಸಿದೆ. "ಓಕೆ" ಅಂತ ಉತ್ತರ ಬಂತು. "ಹೆಣ್ಣುಮಗಳು" ಅಂದದ್ದರ ಬಗ್ಗೆ ಅವರು ಏನೂ ಹೇಳಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಇನ್ನೂ ಇದೆ, ಜುಲೈ ಆದ ಮೇಲೆ ಆ ಮಾತನ್ನೂ ಎತ್ತುತ್ತೇನೆ.

ಮ್ಯಾಚ್ ನೀವೂ ನೋಡಿದ್ದೀರಿ. ಕೊಹ್ಲಿ ಐಪಿಎಲ್‌ನಲ್ಲಿ 8000 ರನ್ ದಾಟಿದಾಗ ಕೂಗಿದೆ. ರಾಜಸ್ಥಾನದ ಅಶ್ವಿನ್ ನಮ್ಮ ಗ್ರೀನ್, ಮ್ಯಾಕ್ಸ್‌ವೆಲ್ ಇಬ್ಬರನ್ನೂ ಬೆನ್ನು ಬೆನ್ನಿಗೆ ತೆಗೆದಾಗ ತಲೆ ಮೇಲೆ ಕೈ ಹೊತ್ತು ಕೂತೆ. ನಾವು ಹೊಡೆದ 172 ಸಾಲಲಿಲ್ಲ, ಸೋತೆವು. ಜೈಪುರದ ಹುಡುಗ ಒಬ್ಬ ಟೆಸ್ಟಿಂಗ್ ಟೀಮ್‌ನಲ್ಲಿದ್ದಾನೆ, ಸೇರಿ ಸ್ವಲ್ಪ ದಿನ ಆಯಿತು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿಕೊಂಡು ನಿಂತಿದ್ದ. ಅವನನ್ನು ಮುಂದೆ ಕರೆದು ನನ್ನ ಪಕ್ಕ ಕೂರಿಸಿಕೊಂಡೆ. ರಾಜಸ್ಥಾನದ ಪೊವೆಲ್ ಕೊನೆಯ ಸಿಕ್ಸ್ ಹೊಡೆದು ಮುಗಿಸಿದಾಗ ಅವನು ಎರಡೂ ಕೈ ಬಾಯಿಗೆ ಅಡ್ಡ ಇಟ್ಟುಕೊಂಡು ನಮ್ಮ ಮುಖ ನೋಡಿದ. "ಕೂಗೋ, ಗೆದ್ದಿದ್ದೀಯ" ಅಂದೆ. ಕೂಗಿದ. ಒಬ್ಬನೇ ಆದರೂ ಚೆನ್ನಾಗಿ ಕೂಗಿದ. ಆಮೇಲೆ ನಮ್ಮ ಕೀಪರ್ ದಿನೇಶ್ ಕಾರ್ತಿಕ್ ವಿದಾಯ ಹೇಳುವ ಹಾಗೆ ಗ್ಲೌಸ್ ಬಿಚ್ಚಿ ಎಲ್ಲರಿಗೂ ಕೈ ಎತ್ತಿದಾಗ ನಾನು ಅತ್ತೆ, ಯಾರೂ ಏನೂ ಅನ್ನಲಿಲ್ಲ.

ಟಿಶ್ಯೂ ಪೇಪರ್ ಐಡಿಯಾ ಬಹಳ ಇಷ್ಟವಾಯಿತು. ಕ್ಯಾಂಟೀನ್‌ನಲ್ಲಿ ಒಂದು ವೈಟ್‌ಬೋರ್ಡ್ ತಂದು ಇಟ್ಟಿದ್ದೆ, ಅಕೌಂಟ್ಸ್‌ನ ಮೇಡಂ ಒಬ್ಬರು ಕೊನೆಯವರೆಗೂ ಅದರ ಮುಂದೆಯೇ ನಿಂತಿದ್ದರು.

ಈಗ ಹೊಸ ಪ್ರಶ್ನೆ. ಜೂನ್ 9ಕ್ಕೆ ನ್ಯೂಯಾರ್ಕ್‌ನಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಮ್ಯಾಚ್, ನಮಗೆ ರಾತ್ರಿ 8ಕ್ಕೆ. ಅವತ್ತು ಭಾನುವಾರ, ಆಫೀಸ್ ರಜೆ. ಕ್ಯಾಂಟೀನ್ ತೆರೆಸಲು ಯಾರನ್ನು ಕೇಳಬೇಕು, ಸೆಕ್ಯುರಿಟಿಯವರ ಓವರ್‌ಟೈಮ್ ಯಾರು ಕೊಡಬೇಕು? ನಿಮ್ಮ ಆಫೀಸ್‌ಗಳಲ್ಲಿ ಮಾಡಿದ್ದರೆ ಹೇಗೆ ಮಾಡಿದಿರಿ ಅಂತ ಹೇಳಿ.